ನಾಲ್ಕನೇ ಹಂತದ ಕ್ಯಾನ್ಸರ್, ಎಡ ಮೆದುಳಿಗೆ ಸಿಕ್ಕಿಕೊಂಡ ಹೆಪ್ಪು: ಒಂದು ಪ್ರಕರಣ

ಬೆಳಿಗ್ಗೆ 6.30ಕ್ಕೆ ಆಕೆ ಗಂಡನ ಜೊತೆ ಮಾತಾಡಿದ್ದರು. 7.10ಕ್ಕೆ ಬಚ್ಚಲುಮನೆಯ ಬಾಗಿಲ ಬಳಿ ಬಿದ್ದಿದ್ದರು. ಬಲಗೈ, ಬಲಗಾಲು ಆಡುತ್ತಿರಲಿಲ್ಲ, ಬಾಯಿ ವಾರೆಯಾಗಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ತಿರುಗಿಸುತ್ತಿದ್ದರೇ ಹೊರತು ಒಂದು ಪದವೂ ಹೊರಡುತ್ತಿರಲಿಲ್ಲ. 8.05ಕ್ಕೆ ನಮ್ಮ ತುರ್ತು ಘಟಕಕ್ಕೆ ಕರೆತಂದರು.

ವಯಸ್ಸು 59. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಎರಡು ತಿಂಗಳ ಹಿಂದೆ ಶ್ವಾಸಕೋಶದ ಅಡಿನೋಕಾರ್ಸಿನೋಮ (ಗ್ರಂಥಿ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಪತ್ತೆಯಾಗಿತ್ತು. ಶ್ವಾಸಕೋಶದ ಹೊದಿಕೆಯಲ್ಲಿ ನೀರು ತುಂಬಿತ್ತು, ಬೆನ್ನುಮೂಳೆಗೂ ಹರಡಿತ್ತು. ಉಸಿರಾಟದ ಕಷ್ಟ ಹೆಚ್ಚಾಗಿದ್ದರಿಂದ ಜೀನ್ ಪರೀಕ್ಷೆಯ ವರದಿಗೆ ಕಾಯದೆ ಕಾರ್ಬೋಪ್ಲಾಟಿನ್ ಮತ್ತು ಪೆಮೆಟ್ರೆಕ್ಸೆಡ್ ಕೀಮೋ ಶುರು ಮಾಡಿದ್ದರು. ಎರಡನೇ ಸುತ್ತು ಮುಗಿದು ಒಂಬತ್ತು ದಿನ ಆಗಿತ್ತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಯಾವುದೂ ಇರಲಿಲ್ಲ; ಸಿಗರೇಟು ಮುಟ್ಟಿದವರಲ್ಲ. ಐದು ವಾರದ ಹಿಂದೆ ತೆಗೆದ ಮೆದುಳಿನ ಎಂಆರ್‌ಐನಲ್ಲಿ ಗಡ್ಡೆ ಕಂಡಿರಲಿಲ್ಲ.

ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಇದೇ ಬಗೆಯ ಬೇರೆ ರೋಗಿಗಳಲ್ಲಿ ಕಂಡ ಸಂಗತಿಗಳನ್ನೂ ಇಲ್ಲಿ ಒಂದೇ ಕಥೆಯಾಗಿ ಹೆಣೆದಿದ್ದೇನೆ. ಆದರೆ ಎದುರಾದ ಪ್ರಶ್ನೆಗಳು, ಅವನ್ನು ಬಗೆಹರಿಸಿದ ಕ್ರಮ, ನಾನು ಹಿಂಜರಿದ ಜಾಗ, ಇವು ಇದ್ದದ್ದು ಇದ್ದಂತೆಯೇ.

ಬಾಗಿಲಲ್ಲಿ ಎದ್ದ ಪ್ರಶ್ನೆ

ಪಾರ್ಶ್ವವಾಯುವಿನ ತೀವ್ರತೆ ಅಳೆಯಲು ನಾವು ಬಳಸುವುದು ಎನ್‌ಐಎಚ್‌ಎಸ್‌ಎಸ್ ಅಂಕ. ಸೊನ್ನೆಯೆಂದರೆ ದೋಷವಿಲ್ಲ, 42 ಗರಿಷ್ಠ. ಆಕೆಯದು 17. ರಕ್ತದೊತ್ತಡ 168/92, ಸಕ್ಕರೆ 132, ನಾಡಿ ಲಯಬದ್ಧ. ಮಾತು ಮತ್ತು ಬಲಭಾಗ ಎರಡೂ ಒಟ್ಟಿಗೆ ಹೋಗಿವೆಯೆಂದರೆ ಎಡ ಮೆದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಿದೆ ಎಂದೇ ಲೆಕ್ಕ.

ಹಳೆಯ ಫೈಲು ತಿರುವಿ ನೋಡಿದ ಡ್ಯೂಟಿ ಡಾಕ್ಟರ್ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು: “ಸರ್, ಸ್ಟೇಜ್ ಫೋರ್ ಅಂತಿದೆ. ಕ್ಯಾಥ್ ಲ್ಯಾಬ್ ಟೀಮ್ ಕರೆಯೋದಾ, ಬೇಡವಾ?”

ಕ್ಯಾಥ್ ಲ್ಯಾಬ್ ಎಂದರೆ ರಕ್ತನಾಳದೊಳಗೆ ಕೊಳವೆ ಹಾಕಿ ಹೆಪ್ಪು ತೆಗೆಯುವ ಕೋಣೆ. ಹಾಗೆ ಕೇಳಿದ್ದಕ್ಕೆ ಅವರ ಮೇಲೆ ನನಗೆ ಬೇಸರವಾಗಲಿಲ್ಲ. ಪ್ರತಿ ತುರ್ತು ಘಟಕದಲ್ಲೂ ಈ ಪ್ರಶ್ನೆ ಯಾರದೋ ಬಾಯಲ್ಲಿ ಬಂದೇ ಬರುತ್ತದೆ. ಬಾಯಿ ಬಿಟ್ಟು ಕೇಳಿದರೆ ಒಳ್ಳೆಯದೇ. ಕೇಳದೆ ಮನಸ್ಸಿನಲ್ಲೇ ತೀರ್ಮಾನಿಸಿ ಸಿಟಿಗೆ ಹತ್ತು ನಿಮಿಷ ತಡ ಮಾಡಿದರೆ ಆಗುವ ಹಾನಿ ದೊಡ್ಡದು. ದೊಡ್ಡ ರಕ್ತನಾಳ ಕಟ್ಟಿದಾಗ ಮೆದುಳು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳನ್ನು ಕಳೆದುಕೊಳ್ಳುತ್ತದೆ ಎಂಬ ಅಂದಾಜಿದೆ. ಕ್ಯಾನ್ಸರ್ ರೋಗಿಯ ಮೆದುಳಿಗೂ ಲೆಕ್ಕ ಇದೇ.

“ಮೊದಲು ಸಿಟಿ, ಜೊತೆಗೇ ಆಂಜಿಯೋ. ಟೀಮ್‌ಗೆ ಈಗಲೇ ಫೋನ್ ಮಾಡಿ. ಬೇಡ ಅನ್ನಿಸಿದರೆ ವಾಪಸ್ ಕಳಿಸೋಣ,” ಅಂದೆ.

8.20ಕ್ಕೆ ಸಿಟಿ. ರಕ್ತಸ್ರಾವವಿಲ್ಲ. ಈಗಾಗಲೇ ಸತ್ತಿರುವ ಭಾಗ ಕಡಿಮೆ. ಆ ಹಾನಿಯನ್ನು ಅಳೆಯುವ ಆಸ್ಪೆಕ್ಟ್ಸ್ ಅಂಕ 10ಕ್ಕೆ 8; 10 ಎಂದರೆ ಹಾನಿಯಿಲ್ಲ. ಆಂಜಿಯೋದಲ್ಲಿ ಎಡ ಮಧ್ಯ ಮಸ್ತಿಷ್ಕ ಧಮನಿಯ ಮೊದಲ ತುಂಡು, ಅಂದರೆ ಎಂ1, ಕತ್ತರಿಸಿದಂತೆ ನಿಂತುಹೋಗಿತ್ತು. ಕುತ್ತಿಗೆಯ ರಕ್ತನಾಳಗಳು ಸ್ವಚ್ಛವಾಗಿದ್ದವು. ಒಂದು ಸಂಗತಿ ಕಣ್ಣಿಗೆ ಬಿತ್ತು: ಇಂಥ ಕಡೆ ಹೆಪ್ಪು ಸಾಮಾನ್ಯವಾಗಿ ಸಾದಾ ಸಿಟಿಯಲ್ಲೇ ಬೆಳ್ಳಗೆ ಹೊಳೆಯುವುದುಂಟು. ಇಲ್ಲಿ ಹೊಳೆಯಲಿಲ್ಲ. ಅದರ ಅರ್ಥ ಆಮೇಲೆ ತಿಳಿಯಿತು.

ಕರಗಿಸುವ ಇಂಜೆಕ್ಷನ್ ಯಾಕೆ ಕೊಡಲಿಲ್ಲ

ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಔಷಧಿ ಮೂರು ಗಂಟೆಯೊಳಗೆ ಕೊಟ್ಟರೆ ಗುಣ ಕೊಡುತ್ತದೆಂದು 1995ರಲ್ಲಿ ಗೊತ್ತಾಯಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಈಗ ಅನೇಕ ಕಡೆ ಟೆನೆಕ್ಟೆಪ್ಲೇಸ್ ಒಂದೇ ಸಲಕ್ಕೆ ಚುಚ್ಚುತ್ತಾರೆ. ಗಡಿಯಾರದ ಲೆಕ್ಕದಲ್ಲಿ ನಮ್ಮ ರೋಗಿ ಗಡುವಿನ ಒಳಗೇ ಇದ್ದರು.

ಕ್ಯಾನ್ಸರ್ ಎಂಬ ಪದವೇ ಈ ಇಂಜೆಕ್ಷನ್ನಿಗೆ ಅಡ್ಡಿ ಎಂದು ನಂಬಿರುವ ವೈದ್ಯರು ಈಗಲೂ ಇದ್ದಾರೆ. ಹಾಗೇನಿಲ್ಲ. ಅಮೆರಿಕದ ಹೃದಯ ಮತ್ತು ಪಾರ್ಶ್ವವಾಯು ಸಂಘಗಳ 2019ರ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿದೆ: ಕ್ಯಾನ್ಸರ್ ರೋಗಿಗಳಲ್ಲಿ ಔಷಧಿಯ ಸುರಕ್ಷತೆ ಪೂರ್ತಿ ಸಾಬೀತಾಗಿಲ್ಲ, ಆದರೂ ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿದ್ದು, ರಕ್ತ ಹೆಪ್ಪುಗಟ್ಟುವ ದೋಷ, ಇತ್ತೀಚಿನ ಶಸ್ತ್ರಚಿಕಿತ್ಸೆ, ರಕ್ತಸ್ರಾವ ಇಲ್ಲದಿದ್ದರೆ ಲಾಭವಾಗಬಹುದು. ಜಠರ ಅಥವಾ ಕರುಳಿನ ಕ್ಯಾನ್ಸರ್ ಇದ್ದರೆ, 21 ದಿನಗಳೊಳಗೆ ಅಲ್ಲಿ ರಕ್ತಸ್ರಾವವಾಗಿದ್ದರೆ ಕೊಡಬಾರದು. ಮೆದುಳಿನ ಅಂಗಾಂಶದ ಒಳಗೇ ಗಡ್ಡೆ ಇದ್ದರೂ ಅಪಾಯ. ಮೆದುಳಿನ ಹೊದಿಕೆಯಿಂದ ಬೆಳೆದ ಮೆನಿಂಜಿಯೋಮದಂಥ ಗಡ್ಡೆಯ ವಿಷಯ ಬೇರೆ, ಅದು ಅಷ್ಟು ಅಡ್ಡಿಯಲ್ಲ. ಅಂದರೆ ಕೇಳಬೇಕಾದ್ದು “ಕ್ಯಾನ್ಸರ್ ಇದೆಯೇ” ಎಂದಲ್ಲ. ಎಲ್ಲಿದೆ, ಸೋರುತ್ತಿದೆಯೇ, ರಕ್ತ ಹೇಗಿದೆ ಎಂದು.

ನನ್ನನ್ನು ತಡೆದದ್ದು ಕ್ಯಾಲೆಂಡರ್. ಕಾರ್ಬೋಪ್ಲಾಟಿನ್, ರಕ್ತಸ್ರಾವ ತಡೆಯುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಇಳಿಸುವ ಔಷಧಿ; ಕೀಮೋ ಆಗಿ ಎರಡನೇ ಮೂರನೇ ವಾರ ಅವು ತಳ ಮುಟ್ಟುತ್ತವೆ. ಸಾಮಾನ್ಯ ರೋಗಿಯಲ್ಲಿ ಪ್ಲೇಟ್‌ಲೆಟ್ ವರದಿಗೆ ಕಾಯದೆ ಇಂಜೆಕ್ಷನ್ ಶುರು ಮಾಡುತ್ತೇವೆ, ಏಕೆಂದರೆ ಅನಿರೀಕ್ಷಿತವಾಗಿ ಕಡಿಮೆ ಸಿಗುವುದು ಬಹಳ ಅಪರೂಪ. ಒಂಬತ್ತು ದಿನದ ಹಿಂದೆ ಕೀಮೋ ಆದವರಲ್ಲಿ ಕಡಿಮೆ ಇರುವುದು ಅನಿರೀಕ್ಷಿತವೇ ಅಲ್ಲ. ಹಾಗಾಗಿ ಕಾಯುವುದು ಸರಿ. ಲ್ಯಾಬಿನವರಿಗೆ ಫೋನ್ ಮಾಡಿ, ಸ್ಯಾಂಪಲ್ ಕೈಯಲ್ಲೇ ಕಳಿಸಿ, ಪ್ಲೇಟ್‌ಲೆಟ್ ಒಂದನ್ನು ಮೊದಲು ಹೇಳಿ ಎಂದೆವು. 8.34ಕ್ಕೆ ಉತ್ತರ ಬಂತು: 78,000. ಕನಿಷ್ಠ ಒಂದು ಲಕ್ಷ ಬೇಕು. ಇಂಜೆಕ್ಷನ್ ವಿಷಯ ಅಲ್ಲಿಗೆ ಮುಗಿಯಿತು.

ಇದೇ ಹೊತ್ತಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ: ಹೊಟ್ಟೆಗೋ ತೊಡೆಗೋ ದಿನಾ ಹೆಪ್ಪು ತಡೆಯುವ ಹೆಪಾರಿನ್ ಚುಚ್ಚಿಕೊಳ್ಳುತ್ತಿದ್ದಾರಾ? ಕಾಲಿನ ಹೆಪ್ಪಿಗೆಂದು ಎಷ್ಟೋ ಕ್ಯಾನ್ಸರ್ ರೋಗಿಗಳು ಚಿಕಿತ್ಸೆಯ ಪ್ರಮಾಣದಲ್ಲಿ ಅದನ್ನು ತೆಗೆದುಕೊಳ್ಳುತ್ತಿರುತ್ತಾರೆ. 24 ಗಂಟೆಯೊಳಗೆ ತೆಗೆದುಕೊಂಡಿದ್ದರೆ ಕರಗಿಸುವ ಔಷಧಿ ಕೊಡುವಂತಿಲ್ಲ. ಮನೆಯವರು ಅದನ್ನು “ಮಾತ್ರೆ” ಎಂದು ಎಣಿಸದ ಕಾರಣ ಔಷಧಿ ಪಟ್ಟಿಯಲ್ಲಿ ಅದು ಸೇರಿರುವುದಿಲ್ಲ. ಹೆಸರು ಹೇಳಿಯೇ ಕೇಳಬೇಕು. ಈಕೆ ತೆಗೆದುಕೊಳ್ಳುತ್ತಿರಲಿಲ್ಲ.

ಫೋನಿನ ಎರಡು ನಿಮಿಷ

ಉಳಿದದ್ದು ಥ್ರಾಂಬೆಕ್ಟಮಿ: ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಮೆದುಳಿನವರೆಗೂ ಏರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ. 2015ರಲ್ಲಿ ಪ್ರಕಟವಾದ ಐದು ಅಧ್ಯಯನಗಳು ಈ ಚಿಕಿತ್ಸೆಯ ಗತಿಯನ್ನೇ ಬದಲಿಸಿದವು. ಅವುಗಳ ದತ್ತಾಂಶ ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ, ಒಬ್ಬರ ಅಂಗವೈಕಲ್ಯ ಒಂದು ಹಂತವಾದರೂ ತಗ್ಗಬೇಕಾದರೆ ಚಿಕಿತ್ಸೆ ಕೊಡಬೇಕಾದ್ದು ಸರಾಸರಿ 2.6 ಜನರಿಗೆ ಮಾತ್ರ. ವೈದ್ಯಕೀಯದಲ್ಲಿ ಇಂಥ ಸಂಖ್ಯೆ ಸಿಗುವುದು ಅಪರೂಪ. ಆದರೆ ಹೆಚ್ಚು ದಿನ ಬದುಕುವ ನಿರೀಕ್ಷೆ ಇಲ್ಲದವರನ್ನು ಇಂಥ ಅಧ್ಯಯನಗಳಿಂದ ಹೊರಗಿಡುವುದೇ ವಾಡಿಕೆ. ಹಾಗಾಗಿ ಹರಡಿದ ಕ್ಯಾನ್ಸರ್ ಇರುವವರ ಬಗ್ಗೆ ನಮಗಿರುವ ಅರಿವು ಬಹುಪಾಲು ಆಸ್ಪತ್ರೆಗಳು ತಮ್ಮ ದಾಖಲೆಗಳಿಂದ ಹೆಕ್ಕಿದ್ದು. ಆ ದಾಖಲೆಗಳ ಸಾರ ಇಷ್ಟು: ರಕ್ತನಾಳ ತೆರೆಯುವುದರಲ್ಲಿ ಯಶಸ್ಸು ಉಳಿದವರ ಹತ್ತಿರಹತ್ತಿರವೇ ಇರುತ್ತದೆ, ಮೂರು ತಿಂಗಳ ಹೊತ್ತಿಗೆ ತೀರಿಕೊಳ್ಳುವವರು ಮಾತ್ರ ಹೆಚ್ಚು, ಅದರಲ್ಲಿ ಕ್ಯಾನ್ಸರಿನ ಪಾಲು ದೊಡ್ಡದು.

ಹಾಗಾದರೆ ಈಕೆಗೆ ಎಷ್ಟು ಕಾಲವಿದೆ? ಅದನ್ನು ನಾನು ಊಹಿಸಬಾರದು. ನರರೋಗ ತಜ್ಞರಾದ ನಾವು ಕ್ಯಾನ್ಸರಿನ ಬಗ್ಗೆ ಹತ್ತು ವರ್ಷ ಹಳೆಯ ಚಿತ್ರವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇವೆ. ನಾಲ್ಕನೇ ಹಂತದ ಶ್ವಾಸಕೋಶ ಕ್ಯಾನ್ಸರ್ ಎಂದರೆ ಕೆಲವೇ ತಿಂಗಳು ಎಂಬ ಲೆಕ್ಕ ನಮ್ಮ ವಿದ್ಯಾರ್ಥಿ ದಿನಗಳದ್ದು. ಆಕೆಯ ಕ್ಯಾನ್ಸರ್ ವೈದ್ಯರಿಗೆ ಫೋನ್ ಹಚ್ಚಿದೆ.

“ಇಜಿಎಫ್‌ಆರ್ ರಿಪೋರ್ಟ್ ನಿನ್ನೆ ಸಂಜೆ ಬಂತು, ಪಾಸಿಟಿವ್,” ಅಂದರು ಅವರು. “ನಾಳೆ ಕರೆಸಿ ಮಾತ್ರೆ ಶುರು ಮಾಡೋಣ ಅಂತಿದ್ದೆ. ಓಡಾಡಿಕೊಂಡು ಇದ್ರು ಕಣ್ರೀ. ನನ್ನ ಕಡೆಯಿಂದ ಯಾವ ಅಡ್ಡಿಯೂ ಇಲ್ಲ. ದಯವಿಟ್ಟು ಮುಂದುವರಿಸಿ.”

ಇಜಿಎಫ್‌ಆರ್ ಜೀನಿನಲ್ಲಿ ಬದಲಾವಣೆ ಇರುವ ಶ್ವಾಸಕೋಶ ಕ್ಯಾನ್ಸರಿಗೆ ಓಸಿಮೆರ್ಟಿನಿಬ್ ಎಂಬ ಮಾತ್ರೆ ಇದೆ. ಅದನ್ನು ಮೊದಲ ಔಷಧಿಯಾಗಿ ಕೊಟ್ಟ ಫ್ಲಾರಾ ಅಧ್ಯಯನದಲ್ಲಿ ಮಧ್ಯಾಂಕ ಬದುಕು (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 38.6 ತಿಂಗಳು. ಮೂರು ವರ್ಷಕ್ಕಿಂತ ಹೆಚ್ಚು. ಅದೇ ಫೈಲಿನ ಮೇಲೆ ಅದೇ “ಸ್ಟೇಜ್ ಫೋರ್” ಇತ್ತು, ಆದರೆ ಅದರ ಅರ್ಥ ಹಿಂದಿನ ಸಂಜೆಗೇ ಬದಲಾಗಿಹೋಗಿತ್ತು. ಆ ಫೋನ್ ಮಾಡದೇ ಇದ್ದಿದ್ದರೆ ನಮಗದು ಗೊತ್ತಾಗುತ್ತಿರಲಿಲ್ಲ. ಸಂದಿಗ್ಧವಿರುವ ಪ್ರತಿ ರೋಗಿಗೂ ಈ ಫೋನ್ ಮಾಡಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಫೋನ್ ಸಿಗದಿದ್ದರೆ? ರೋಗಿ ನಿನ್ನೆಯವರೆಗೂ ಹೇಗೆ ಬದುಕುತ್ತಿದ್ದರು ಎಂಬುದೇ ನನಗೆ ದಾರಿ ತೋರಿಸುತ್ತದೆ.

ಗಂಡನಿಗೂ ಮಗಳಿಗೂ ನಿಂತಲ್ಲೇ ಹೇಳಿದೆ: “ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಿದೆ. ಪ್ಲೇಟ್‌ಲೆಟ್ ಕಡಿಮೆ ಇರೋದರಿಂದ ಕರಗಿಸೋ ಇಂಜೆಕ್ಷನ್ ಕೊಡೋ ಹಾಗಿಲ್ಲ. ಕೊಳವೆ ಹಾಕಿ ತೆಗೆಯೋಕೆ ಪ್ರಯತ್ನ ಮಾಡ್ತೀವಿ. ರಕ್ತಸ್ರಾವದ ಅಪಾಯ ಇದೆ. ಮಾಡದೆ ಬಿಟ್ಟರೆ ಮಾತು, ಬಲಭಾಗ ವಾಪಸ್ ಬರೋದು ಕಷ್ಟ.”

ಗಂಡ ಕೇಳಿದ್ದು ಒಂದೇ ಮಾತು: “ಡಾಕ್ಟ್ರೇ, ಕ್ಯಾನ್ಸರ್ ಇದೆ ಅಂತ ನೀವು ಬಿಟ್ಟುಬಿಡಲ್ಲ ತಾನೇ?”

ಮಗಳು ಸಹಿ ಹಾಕುತ್ತಾ, “ಅಮ್ಮ ನಿನ್ನೆ ರಾತ್ರಿ ಪಕ್ಕದ ಮನೆ ಮಗುವಿಗೆ ಲೆಕ್ಕ ಹೇಳಿಕೊಡ್ತಿದ್ರು ಸರ್,” ಅಂದಳು. ಅವರು ಹೇಗೆ ಬದುಕುತ್ತಿದ್ದರೆಂದು ತಿಳಿಯಲು ನನಗೆ ಅಷ್ಟು ಸಾಕಾಗಿತ್ತು.

ಮೂರನೇ ಎಳೆತ

8.58ಕ್ಕೆ ತೊಡೆಸಂದಿನಲ್ಲಿ ಸೂಜಿ. ಸ್ಟೆಂಟ್ ರಿಟ್ರೀವರ್ ಎಂಬ ಬಲೆಯನ್ನು ಹೆಪ್ಪಿನೊಳಗೆ ಬಿಚ್ಚಿ ಎಳೆದರೆ ಏನೂ ಬರಲಿಲ್ಲ. ಎರಡನೇ ಸಲ ಹೀರುಕೊಳವೆಯನ್ನೂ ಜೊತೆಗೆ ಬಳಸಿದೆವು; ಸಣ್ಣ ಚೂರು ಬಂತು, ನಾಳ ತೆರೆಯಲಿಲ್ಲ. ಮೂರನೇ ಸಲ ಹೀರುಕೊಳವೆಯ ತುದಿಯನ್ನು ಹೆಪ್ಪಿನ ಮುಖಕ್ಕೆ ಅಂಟಿಸಿ, ಬಲೆಯನ್ನು ಐದು ನಿಮಿಷ ಹಾಗೇ ಬಿಟ್ಟು, ಎರಡನ್ನೂ ಒಟ್ಟಿಗೆ ಎಳೆದಾಗ ಇಡಿಯಾಗಿ ಬಂತು. ಹೊತ್ತು 9.52. ರಕ್ತದ ಹರಿವು ಎಷ್ಟು ಮರಳಿತೆಂದು ಹೇಳುವ ಟಿಕಿ ಅಳತೆಯಲ್ಲಿ 2ಬಿ. ದೂರದ ಒಂದು ಕವಲು ಬಿಟ್ಟು ಉಳಿದೆಡೆ ರಕ್ತ ಹರಿಯಿತು.

ಬಂದ ಹೆಪ್ಪು ಕಡುಗೆಂಪಾಗಿರಲಿಲ್ಲ. ಬಿಳಿ-ಬೂದು ಬಣ್ಣ, ಬೆರಳಿಗೆ ಗಟ್ಟಿ. ಕೆಂಪು ರಕ್ತಕಣ ತುಂಬಿದ ಹೆಪ್ಪು ಮೆತ್ತಗಿರುತ್ತದೆ, ಬಲೆಗೆ ಸುಲಭವಾಗಿ ಸಿಗುತ್ತದೆ, ಸಿಟಿಯಲ್ಲಿ ಬೆಳ್ಳಗೆ ಕಾಣುತ್ತದೆ. ಸಕ್ರಿಯ ಕ್ಯಾನ್ಸರ್ ಇರುವವರ ಹೆಪ್ಪಿನಲ್ಲಿ ಕೆಂಪು ಕಣ ಕಡಿಮೆ, ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚು ಇರುವುದನ್ನು ಹಲವು ಕೇಂದ್ರಗಳು ಗಮನಿಸಿವೆ. ಸಿಟಿಯಲ್ಲಿ ಹೊಳೆಯದೇ ಇದ್ದದ್ದಕ್ಕೂ ಎರಡು ಸಲ ಕೈಗೆ ಬಾರದೇ ಇದ್ದದ್ದಕ್ಕೂ ಕಾರಣ ಒಂದೇ.

ಅದನ್ನು ಕಸಕ್ಕೆ ಹಾಕದೆ ಫಾರ್ಮಲಿನ್‌ನಲ್ಲಿ ಹಾಕಿ ಪೆಥಾಲಜಿಗೆ ಕಳಿಸಿದೆವು. ಪ್ರತಿ ಸಲವೂ ಕಳಿಸಬೇಕು. ಕೆಲವೊಮ್ಮೆ ಹೆಪ್ಪಿನೊಳಗೆ ಗಡ್ಡೆಯ ಜೀವಕೋಶಗಳೇ ಸಿಗುತ್ತವೆ, ಕೆಲವೊಮ್ಮೆ ಸೂಕ್ಷ್ಮಾಣುಗಳು ಸಿಗುತ್ತವೆ, ಆಗ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ. ಈಕೆಯದರಲ್ಲಿ ಎರಡೂ ಇರಲಿಲ್ಲ. ಫೈಬ್ರಿನ್ ಮತ್ತು ಪ್ಲೇಟ್‌ಲೆಟ್‌ಗಳ ದಟ್ಟ ಜಾಲವಷ್ಟೇ.

ಸಂಜೆಗೆ ಬಲಗಾಲು ಎತ್ತಿದರು. ಮರುದಿನ ಎನ್‌ಐಎಚ್‌ಎಸ್‌ಎಸ್ 8ಕ್ಕೆ ಇಳಿದಿತ್ತು. ಮಾತು ಇನ್ನೂ ಬಿಡಿ ಪದಗಳಲ್ಲಿ.

ಹೆಪ್ಪು ಎಲ್ಲಿಂದ ಬಂತು

ಹೆಪ್ಪು ತೆಗೆದ ಖುಷಿಯಲ್ಲಿ ಅನೇಕ ತಂಡಗಳು ಇಲ್ಲಿ ಸಡಿಲವಾಗುತ್ತವೆ. ಸಾಮಾನ್ಯ ರೋಗಿಯಲ್ಲಿ ಕಾರಣ ಹುಡುಕಲು ಒಂದು ವಾರ ಸಿಗುತ್ತದೆ. ಕ್ಯಾನ್ಸರ್ ರೋಗಿಯಲ್ಲಿ ಆ ಪುರುಸೊತ್ತಿಲ್ಲ, ಏಕೆಂದರೆ ಎರಡನೇ ಹೆಪ್ಪು ಬಹಳ ಬೇಗ ಬರಬಹುದು.

ಪ್ಯಾರಿಸ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ 1865ರಲ್ಲೇ ಹೇಳಿದ್ದರು: ಕಾರಣವಿಲ್ಲದೆ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದರೆ ಒಳಗೆಲ್ಲೋ ಕ್ಯಾನ್ಸರ್ ಅಡಗಿರಬಹುದು. ಮುಂದೆ ಅದೇ ಲಕ್ಷಣವನ್ನು ತಮ್ಮ ಮೈಯಲ್ಲೇ ಕಂಡರು. 1867ರಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಈಗ ನಮಗೆ ಗೊತ್ತಿರುವುದು ಇನ್ನಷ್ಟು. ಗಡ್ಡೆಯ ಜೀವಕೋಶಗಳು ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಗಾಯವಿಲ್ಲದೆಯೇ ಹೆಪ್ಪುಗಟ್ಟುವ ಸರಪಳಿ ಚಾಲೂ ಆಗುತ್ತದೆ. ಅಡಿನೋಕಾರ್ಸಿನೋಮಗಳು ಸುರಿಸುವ ಮ್ಯೂಸಿನ್ ಎಂಬ ಲೋಳೆ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹರಡಿ ಹೆಪ್ಪಿಗೆ ಹಂದರ ಕಟ್ಟುತ್ತವೆ. ಶ್ವಾಸಕೋಶ, ಮೇದೋಜೀರಕ ಗ್ರಂಥಿ, ಜಠರ, ದೊಡ್ಡ ಕರುಳು ಇವುಗಳ ಅಡಿನೋಕಾರ್ಸಿನೋಮಗಳೇ ಇದರಲ್ಲಿ ಮುಂದಿರುವುದು ಈ ಕಾರಣಕ್ಕೆ. ಇದರ ಮೇಲೆ ಸಿಸ್‌ಪ್ಲಾಟಿನ್, ಬೆವಾಸಿಜುಮ್ಯಾಬ್‌ನಂಥ ಔಷಧಿಗಳೂ ಧಮನಿಗಳಲ್ಲಿ ಹೆಪ್ಪು ತರಬಲ್ಲವು.

2017ರ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ, ಕ್ಯಾನ್ಸರ್ ಪತ್ತೆಯಾದ ಮೊದಲ ಆರು ತಿಂಗಳಲ್ಲಿ 3 ಶೇಕಡಾ ಜನರಿಗೆ ರಕ್ತ ಕಟ್ಟಿದ ಬಗೆಯ ಪಾರ್ಶ್ವವಾಯು ಬಂದಿತ್ತು. ಕ್ಯಾನ್ಸರ್ ಇಲ್ಲದ ಅದೇ ವಯಸ್ಸಿನವರಲ್ಲಿ 1.6 ಶೇಕಡಾ. ಅದಕ್ಕೂ ಹಿಂದೆ, 1985ರಲ್ಲಿ, ನ್ಯೂಯಾರ್ಕಿನ ಕ್ಯಾನ್ಸರ್ ಆಸ್ಪತ್ರೆಯೊಂದರ 3,426 ಮರಣೋತ್ತರ ಪರೀಕ್ಷೆಗಳಲ್ಲಿ 14.6 ಶೇಕಡಾ ಜನರ ಮೆದುಳಿನಲ್ಲಿ ರಕ್ತನಾಳದ ಕಾಯಿಲೆ ಕಂಡಿತ್ತು, ಅವರಲ್ಲಿ ಬದುಕಿದ್ದಾಗ ಲಕ್ಷಣ ತೋರಿದವರು ಅರ್ಧದಷ್ಟು ಮಾತ್ರ.

ಎರಡನೇ ದಿನ ನಮ್ಮ ಮುಂದಿದ್ದ ಚಿತ್ರ: ಮೈಯಲ್ಲಿ ಹೆಪ್ಪುಗಳಾಗುತ್ತಿದ್ದರೆ ರಕ್ತದಲ್ಲಿ ಏರುವ ಡಿ-ಡೈಮರ್ 18,400, ಸಾಮಾನ್ಯವಾಗಿ 500ರ ಒಳಗಿರಬೇಕು. ಎಂಆರ್‌ಐನಲ್ಲಿ ಎಡಭಾಗದ ದೊಡ್ಡ ಗಾಯದ ಜೊತೆಗೆ ಬಲ ಗೋಳಾರ್ಧದಲ್ಲಿ ಮೂರು, ಕಿರುಮೆದುಳಿನಲ್ಲಿ ಎರಡು ಸಣ್ಣ ಹೊಸ ಚುಕ್ಕೆಗಳು. ಇವು ಕ್ಯಾನ್ಸರ್ ಹರಡಿದ ಗಡ್ಡೆಗಳಲ್ಲ ಎಂದು ಕಾಂಟ್ರಾಸ್ಟ್ ಹಾಕಿ ಖಚಿತಪಡಿಸಿಕೊಂಡೆವು. ಮೂರು ಬೇರೆ ರಕ್ತನಾಳಗಳ ಪ್ರದೇಶದಲ್ಲಿ ಏಕಕಾಲಕ್ಕೆ ಚುಕ್ಕೆ ಕಂಡರೆ ಹೃದಯದಿಂದಲೋ ಹೆಪ್ಪುಗಟ್ಟುವ ಗುಣ ಹೆಚ್ಚಿದ ರಕ್ತದಿಂದಲೋ ಹೆಪ್ಪುಗಳು ಚದುರುತ್ತಿವೆ ಎಂದರ್ಥ. 48 ಗಂಟೆ ಇಸಿಜಿ ನಿಗಾದಲ್ಲಿ ಹೃತ್ಕರ್ಣದ ಕಂಪನ (ಹೃದಯದಲ್ಲಿ ಹೆಪ್ಪು ತರಬಲ್ಲ, ಲಯ ತಪ್ಪಿದ ಬಡಿತ) ಸಿಗಲಿಲ್ಲ. ಕಾಲಿನ ಡಾಪ್ಲರ್ ಸ್ಕ್ಯಾನಿನಲ್ಲಿ ಎಡ ಮೀನಖಂಡದಲ್ಲಿ ಸದ್ದಿಲ್ಲದ ಒಂದು ಹೆಪ್ಪು.

ನಾನು ಹಿಂಜರಿದ ಎರಡು ದಿನ

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಶುರು ಮಾಡಬೇಕಿತ್ತು. ಕಾರಣ ಬೇಕಾದಷ್ಟಿದ್ದವು. ಆದರೆ 24 ಗಂಟೆಯ ಸಿಟಿಯಲ್ಲಿ ಗಾಯದೊಳಗೆ ಸಾಸಿವೆ ಚೆಲ್ಲಿದಂತೆ ಸಣ್ಣ ರಕ್ತದ ಚುಕ್ಕೆಗಳಿದ್ದವು. ಪ್ಲೇಟ್‌ಲೆಟ್ ಎರಡನೇ ದಿನ 61,000, ಮೂರನೇ ದಿನ 54,000. ಇನ್ನೂ ಇಳಿಯುತ್ತದೋ ಏನೋ ಎಂಬ ಭಯ. ಪೂರ್ತಿ ಪ್ರಮಾಣದ ಹೆಪಾರಿನ್ ಕೊಡಲು 50,000 ಇದ್ದರೆ ಸಾಕು, 25,000 ದಿಂದ 50,000 ಇದ್ದರೆ ಅರ್ಧ ಪ್ರಮಾಣ, ಅದಕ್ಕಿಂತ ಕೆಳಗೆ ನಿಲ್ಲಿಸಬೇಕು ಎಂಬುದು ಕ್ಯಾನ್ಸರ್ ರೋಗಿಗಳಲ್ಲಿ ಒಪ್ಪಿತವಾದ ಲೆಕ್ಕ. ಆ ಲೆಕ್ಕದಂತೆ ನನಗೆ ಅಡ್ಡಿ ಇರಲಿಲ್ಲ. ಹೃತ್ಕರ್ಣ ಕಂಪನದ ರೋಗಿಗಳಲ್ಲಿ ಪಾರ್ಶ್ವವಾಯುವಿನ ನಂತರ ಬೇಗ ಔಷಧಿ ಶುರು ಮಾಡಿದರೆ ಹಾನಿಯಿಲ್ಲವೆಂದು 2023ರ ಎಲಾನ್ ಅಧ್ಯಯನವೂ ತೋರಿಸಿತ್ತು. ಆದರೆ ಅದು ಬೇರೆ ಬಗೆಯ ರೋಗಿಗಳದ್ದು, ಬೇರೆ ಔಷಧಿಯದ್ದು ಎಂದುಕೊಂಡೆ. ಕಾಲಿನ ಹೆಪ್ಪು ಬೆಳೆಯದಿರಲೆಂದು ಮುಂಜಾಗ್ರತೆಯ ಕಡಿಮೆ ಪ್ರಮಾಣ ಮಾತ್ರ ಕೊಟ್ಟು, “ಇನ್ನೆರಡು ದಿನ ನೋಡೋಣ” ಎಂದು ಬರೆದೆ.

ನಾಲ್ಕನೇ ದಿನ ರಾತ್ರಿ ನರ್ಸ್ ಒಂದು ಸಂಗತಿ ಗಮನಿಸಿದರು: ಎಡಗಡೆಯಿಂದ ಬಂದು ನಿಂತವರನ್ನು ಆಕೆ ನೋಡುತ್ತಲೇ ಇಲ್ಲ. ಸಿಟಿಯಲ್ಲಿ ಹೊಸ ರಕ್ತಸ್ರಾವ ಇರಲಿಲ್ಲ. ಎಂಆರ್‌ಐನಲ್ಲಿ ಬಲ ಹಿಂಭಾಗದ ದೃಷ್ಟಿ ಪ್ರದೇಶದಲ್ಲಿ ಹೊಸ ಗಾಯ. ಎರಡನೇ ಪಾರ್ಶ್ವವಾಯು.

ಮೊದಲೇ ಪೂರ್ತಿ ಪ್ರಮಾಣ ಶುರು ಮಾಡಿದ್ದರೆ ಇದು ತಪ್ಪುತ್ತಿತ್ತೇ? ಖಂಡಿತ ತಪ್ಪುತ್ತಿತ್ತು ಎನ್ನುವಂತಿಲ್ಲ. ಆದರೆ ರಕ್ತಸ್ರಾವದ ಭಯವನ್ನು ನಾನು ಎರಡು ಸಲ ಎಣಿಸಿ, ಹೊಸ ಹೆಪ್ಪಿನ ಭಯವನ್ನು ಒಂದೇ ಸಲ ಎಣಿಸಿದ್ದೆ. ನಾವು ಕೊಟ್ಟ ಔಷಧಿಯಿಂದ ಆಗುವ ಹಾನಿ ನಮ್ಮದೆನಿಸುತ್ತದೆ, ಕೊಡದೇ ಇದ್ದದ್ದರಿಂದ ಆಗುವ ಹಾನಿ ಕಾಯಿಲೆಯದೆನಿಸುತ್ತದೆ. ರೋಗಿಗೆ ಎರಡೂ ಒಂದೇ. ಮರುದಿನ ಬೆಳಿಗ್ಗೆ ಗಂಡನಿಗೆ ಇದನ್ನು ಮುಚ್ಚಿಡದೆ ಹೇಳಿದೆ: “ಇನ್ನೂ ಬೇಗ ಶುರು ಮಾಡಬಹುದಿತ್ತು. ರಕ್ತಸ್ರಾವಕ್ಕೆ ಹೆದರಿ ಕಾದೆ.” ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಇವತ್ತು ಏನು ಮಾಡ್ತೀರಿ ಹೇಳಿ,” ಅಂದರು.

ಆ ರಾತ್ರಿಯೇ ಹೆಪಾರಿನ್ ಡ್ರಿಪ್ ಶುರುವಾಗಿತ್ತು, ಮೊದಲ ದೊಡ್ಡ ಡೋಸ್ ಬಿಟ್ಟು, ನಿಧಾನಕ್ಕೆ ಏರಿಸುತ್ತಾ. ಡ್ರಿಪ್ ಆರಿಸಿದ್ದಕ್ಕೆ ಕಾರಣ: ರಕ್ತಸ್ರಾವವಾದರೆ ನಿಲ್ಲಿಸಿದ ಕೆಲವು ಗಂಟೆಗಳಲ್ಲಿ ಅದರ ಪರಿಣಾಮ ಇಳಿಯುತ್ತದೆ, ಪ್ರೋಟಮೈನ್ ಕೊಟ್ಟು ತಟಸ್ಥಗೊಳಿಸಲೂ ಬರುತ್ತದೆ. ಎರಡು ದಿನ ಕಳೆದು, ಸಿಟಿ ಬದಲಾಗದಿದ್ದಾಗ, ಹೆಪಾರಿನ್ ಬಗೆಯದೇ ಆದ ಎನಾಕ್ಸಪಾರಿನ್ ಇಂಜೆಕ್ಷನ್ನಿಗೆ ಬದಲಾಯಿಸಿದೆವು: ಕಿಲೋ ತೂಕಕ್ಕೆ 1 ಮಿ.ಗ್ರಾಂ, ಆಕೆಗೆ 60 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಮೂತ್ರಪಿಂಡ ಚೆನ್ನಾಗಿದ್ದುದರಿಂದ ಪ್ರಮಾಣ ತಗ್ಗಿಸುವ ಅಗತ್ಯ ಬೀಳಲಿಲ್ಲ.

ಐದನೇ ದಿನ ಅನ್ನನಾಳದ ಮೂಲಕ ಹೃದಯದ ಎಕೋ ಮಾಡಿದಾಗ ಮೂಲ ಸಿಕ್ಕಿತು. ಮೈಟ್ರಲ್ ಕವಾಟದ ಎಲೆಗಳು ಮುಚ್ಚಿಕೊಳ್ಳುವ ಅಂಚಿನಲ್ಲಿ 6 ಮಿ.ಮೀ. ಗಾತ್ರದ ಗಂಟು. ಎದೆಯ ಮೇಲಿಟ್ಟು ಮಾಡಿದ ಮೊದಲ ಎಕೋದಲ್ಲಿ ಅದು ಕಂಡಿರಲಿಲ್ಲ. ಗುಳ್ಳೆ ಪರೀಕ್ಷೆಯಲ್ಲಿ ಹೃದಯದ ಗೋಡೆಯಲ್ಲಿ ರಂಧ್ರವಿಲ್ಲವೆಂದು ಗೊತ್ತಾಯಿತು, ಹಾಗಾಗಿ ಕಾಲಿನ ಹೆಪ್ಪು ಮೆದುಳಿಗೆ ಏರಿರಲಾರದು. ಜ್ವರವಿರಲಿಲ್ಲ, ಮೂರು ಸಲ ತೆಗೆದ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಅಲ್ಲಿಗೆ ಇದು ಸೋಂಕಿಲ್ಲದ ಹೆಪ್ಪಿನ ಎಂಡೋಕಾರ್ಡೈಟಿಸ್, ಅಂದರೆ ಸೂಕ್ಷ್ಮಾಣುಗಳಿಲ್ಲದೆ ಹೃದಯದ ಕವಾಟದ ಮೇಲೆ ಹೆಪ್ಪು ಕೂರುವ ಕಾಯಿಲೆ. ಮರಾಂಟಿಕ್ ಎಂಬುದು ಅದರ ಹಳೆಯ ಹೆಸರು. ಈ ಗಂಟುಗಳು ಕವಾಟಕ್ಕೆ ಸಡಿಲವಾಗಿ ಅಂಟಿರುತ್ತವೆ, ಸುಲಭವಾಗಿ ಉದುರುತ್ತವೆ.

ಆಸ್ಪಿರಿನ್ ಸಾಕಲ್ಲವೇ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಎಷ್ಟೋ ಕ್ಯಾನ್ಸರ್ ರೋಗಿಗಳಿಗೆ ಸಾಕಾಗಬಹುದು. ಯಾವುದು ಮೇಲೆಂದು ಯಾದೃಚ್ಛಿಕವಾಗಿ ಹಂಚಿ ನೋಡಿದ ಟೀಚ್ ಎಂಬ ಆರಂಭಿಕ ಅಧ್ಯಯನದಲ್ಲಿದ್ದವರು 20 ಜನ ಮಾತ್ರ, ಅದರಲ್ಲಿ ಎನಾಕ್ಸಪಾರಿನ್ ಪಡೆದವರಲ್ಲಿ 40 ಶೇಕಡಾ ಜನ ಆಸ್ಪಿರಿನ್ನಿಗೆ ಬದಲಾದರು. ದಿನಕ್ಕೆ ಎರಡು ಸಲ ಚುಚ್ಚಿಸಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಕವಾಟದ ಮೇಲೆ ಗಂಟು, ಕಾಲಿನಲ್ಲಿ ಹೆಪ್ಪು, ಏರಿದ ಡಿ-ಡೈಮರ್, ಜೊತೆಗೆ ಮತ್ತೆ ಬಂದ ಪಾರ್ಶ್ವವಾಯು ಇರುವಾಗ ನಾನು ಹೆಪಾರಿನ್ನನ್ನೇ ಹಿಡಿಯುತ್ತೇನೆ. ಹೆಪ್ಪು ತಡೆಯುವ ಹಳೆಯ ಮಾತ್ರೆ ವಾರ್ಫರಿನ್ ಈ ಸ್ಥಿತಿಯಲ್ಲಿ ಕೈಕೊಡುತ್ತದೆಂಬುದು ಹಳೆಯ ಅನುಭವ. ಹೆಪ್ಪು ತಡೆಯುವ ಹೊಸ ಮಾತ್ರೆಗಳು ಕಾಲಿನ ಹೆಪ್ಪಿಗೆ ಒಳ್ಳೆಯವು; ಕವಾಟದ ಗಂಟಿಗೆ ಅವುಗಳನ್ನು ನೆಚ್ಚಿಕೊಳ್ಳುವಷ್ಟು ಪುರಾವೆ ಇಲ್ಲ.

ಹೆಪ್ಪಿನ ಬೇರಿಗೆ ಮದ್ದು

ಹೆಪಾರಿನ್ ಹೊಸ ಹೆಪ್ಪುಗಳನ್ನು ತಡೆಯುತ್ತದೆ. ಹೆಪ್ಪುಗಟ್ಟಿಸುತ್ತಿರುವ ಗಡ್ಡೆ ಹಾಗೇ ಇರುತ್ತದೆ. ಪಾರ್ಶ್ವವಾಯು ಬಂದ ಕೂಡಲೇ ಕ್ಯಾನ್ಸರ್ ಚಿಕಿತ್ಸೆಯನ್ನು “ಸ್ವಲ್ಪ ಸುಧಾರಿಸಲಿ” ಎಂದು ಮುಂದೂಡುವ ರೂಢಿಯಿದೆ, ಅದರಿಂದ ಹೆಪ್ಪಿನ ಮೂಲಕ್ಕೇ ಬಿಡುವು ಸಿಗುತ್ತದೆ. ಕ್ಯಾನ್ಸರ್ ವೈದ್ಯರು ಆರನೇ ದಿನ ವಾರ್ಡಿಗೇ ಬಂದರು. ಕೀಮೋ ನಿಲ್ಲಿಸಿ ಓಸಿಮೆರ್ಟಿನಿಬ್ 80 ಮಿ.ಗ್ರಾಂ ಶುರು ಮಾಡೋಣ ಎಂದರು. ಈ ಮಾತ್ರೆಯಿಂದ ಹಿಗ್ಗಬಹುದಾದ, ಇಸಿಜಿಯಲ್ಲಿ ಕಾಣುವ ಕ್ಯೂಟಿ ಅಂತರ ಸರಿಯಿತ್ತು.

ತೊಡಕು ಇದ್ದದ್ದು ನುಂಗುವುದರಲ್ಲಿ. ಆಕೆಗೆ ಇನ್ನೂ ಮೂಗಿನ ಕೊಳವೆಯಲ್ಲೇ ಆಹಾರ. ಮಾತ್ರೆಯನ್ನು ಪುಡಿ ಮಾಡುವಂತಿಲ್ಲ. ಆದರೆ 15 ಮಿ.ಲೀ. ಸಾದಾ ನೀರಿನಲ್ಲಿ ಹಾಕಿ ಕದಡಿದರೆ ಸಣ್ಣ ಹರಳುಗಳಾಗಿ ಒಡೆಯುತ್ತದೆ, ಪೂರ್ತಿ ಕರಗುವುದಿಲ್ಲ. ಅದನ್ನು ಕೊಳವೆಯಲ್ಲಿ ಕೊಟ್ಟು, ಪಾತ್ರೆಯನ್ನು ಮತ್ತೆ 15 ಮಿ.ಲೀ. ನೀರಿನಲ್ಲಿ ತೊಳೆದು ಅದನ್ನೂ ಕೊಡಬೇಕು, ಎಲ್ಲವೂ ಅರ್ಧ ಗಂಟೆಯೊಳಗೆ. ಮಗಳು ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ಮೊದಲ ಡೋಸ್ ತಾನೇ ಕದಡಿದಳು. ಎಂಟನೇ ದಿನವದು. ಒಂಬತ್ತನೇ ದಿನ ಪ್ಲೇಟ್‌ಲೆಟ್ 1.4 ಲಕ್ಷಕ್ಕೆ ಏರಿತ್ತು.

ಹದಿನೆಂಟನೇ ದಿನ ಮನೆಗೆ ಹೋದರು. ಆರು ವಾರದ ಹೊತ್ತಿಗೆ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿತ್ತು, ಡಿ-ಡೈಮರ್ 900. ಎರಡೂ ಒಟ್ಟಿಗೆ ಇಳಿದಿದ್ದವು. ಮೂರು ತಿಂಗಳಿಗೆ ಮಾಡಿದ ಎಕೋದಲ್ಲಿ ಕವಾಟದ ಗಂಟು ಕಾಣಲಿಲ್ಲ. ಮಾರ್ಪಡಿಸಿದ ರಾಂಕಿನ್ ಅಂಕ 2: ಮೊದಲಿನ ಎಲ್ಲ ಕೆಲಸ ಆಗದಿದ್ದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಎಡ ನೋಟದ ಒಂದು ಮೂಲೆ ಹೋಗಿದೆ, ಬರಲಿಲ್ಲ. ಬಲಗೈ ಬೆರಳುಗಳು ನಿಧಾನ.

ಮಾತು ಚಿಕಿತ್ಸಕರು ಹೇಳಿದ್ದು ನೆನಪಿದೆ: ಪದಗಳಿಗಿಂತ ಮೊದಲು ಅಂಕಿಗಳು ಮರಳಿದವು. ವಸ್ತುಗಳ ಹೆಸರು ಸಿಗದೆ ಒದ್ದಾಡುತ್ತಿದ್ದ ದಿನಗಳಲ್ಲೇ ಆಕೆ ಎಡಗೈಯಲ್ಲಿ ಚಿಕ್ಕ ಕೂಡಿಸುವ ಲೆಕ್ಕ ಬರೆಯುತ್ತಿದ್ದರು.

ಏಳನೇ ತಿಂಗಳ ಭೇಟಿಗೆ ಆಕೆ ಒಂದು ನೋಟ್‌ಬುಕ್ ತಂದಿದ್ದರು. ಪ್ರತಿ ಇಂಜೆಕ್ಷನ್ನಿನ ದಿನಾಂಕ, ಹೊಟ್ಟೆಯ ಎಡವೋ ಬಲವೋ, ಪ್ಲೇಟ್‌ಲೆಟ್, ಡಿ-ಡೈಮರ್ ಎಲ್ಲ ವಾಲಿದ ಅಕ್ಷರಗಳಲ್ಲಿ. ಕೊನೆಯ ಪುಟದಲ್ಲಿ ಚುಕ್ಕೆಗಳನ್ನು ಸೇರಿಸಿ ಗ್ರಾಫ್ ಎಳೆದಿದ್ದರು. ಅದರ ಮೇಲೆ ಬೆರಳಿಟ್ಟು ಕೇಳಿದರು, ಪದಪದಕ್ಕೂ ತಡೆದು: “ಇದು... ಎಷ್ಟು ದಿನ... ಡಾಕ್ಟ್ರೇ?”

“ಕ್ಯಾನ್ಸರ್ ಸಕ್ರಿಯವಾಗಿ ಇರೋವರೆಗೂ ಹೆಪ್ಪಿಗೆ ಔಷಧಿ ಬೇಕೇ ಬೇಕು. ಇಂಜೆಕ್ಷನ್ ಬದಲು ಮಾತ್ರೆ ಕೊಡಬಹುದಾ ಅಂತ ಮುಂದಿನ ಎಕೋ ನೋಡಿಕೊಂಡು ಯೋಚಿಸೋಣ,” ಅಂದೆ.

ಅವರು ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ ಮುಂದಿನ ಎಕೋದ ತಾರೀಖು ಬರೆದುಕೊಂಡರು.